ಒಂಬತ್ತು ಅಡಿ ನಾಲ್ಕು ಇಂಚು

ನಮ್ಮ ಭಾವನಿಗೆ ಮಸುಕಪ್ಪ ಎಂದು ಹೆಸರಿಟ್ಟವರು ನಮ್ಮಪ್ಪ. ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಅಪ್ಪ ಅಕ್ಕನ ಕಡೆ ತಿರುಗಿ, "ನಮ್ಮ ಮಸುಕಪ್ಪನ ತಟ್ಟೆ ಸ್ವಲ್ಪ ಹತ್ತಿರ ತಳ್ಳಮ್ಮ, ದೂರ ಇದ್ರೆ ಅವರಿಗೆ ಕಾಣಲ್ಲ" ಎಂದರು. ಇಡೀ ಮನೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. ಭಾವನನ್ನು ಗೋಳು ಹುಯ್ದುಕೊಳ್ಳುವುದಕ್ಕಿಂತ ದೊಡ್ಡ ಹಕ್ಕು ನಾದಿನಿಗೆ ಇನ್ನೇನಿದೆ? ಭಾವನೂ ನಕ್ಕರು. ಅಕ್ಕ ಮಾತ್ರ ನಗಲಿಲ್ಲ, ತಟ್ಟೆಯನ್ನೂ ತಳ್ಳಲಿಲ್ಲ.

ಹೆಸರಿನ ಹಿಂದಿನ ಕಥೆ ಹೇಳಿಬಿಡುತ್ತೇನೆ. ಭಾವ ಆಗ ಸಿನಿಮಾ ಕ್ಯಾಮೆರಾದ ಫೋಕಸ್ ಸಹಾಯಕರು. ಕ್ಯಾಮೆರಾದೊಳಗೆ ಕಣ್ಣಿಟ್ಟು ಕೂರುವವರು ಬೇರೆ. ಇವರ ಕೆಲಸ ಕ್ಯಾಮೆರಾದಿಂದ ನಟರ ಕಣ್ಣಿನವರೆಗೆ ಟೇಪು ಹಿಡಿದು ಅಳೆಯುವುದು, ಆ ಅಳತೆಗೆ ಲೆನ್ಸಿನ ಉಂಗುರ ತಿರುಗಿಸುವುದು, ನಟರು ಒಂದು ಹೆಜ್ಜೆ ಮುಂದೆ ಬಂದರೆ ಉಂಗುರವನ್ನೂ ಅಷ್ಟೇ ಸರಿಸುವುದು. ಸರಿಯಾಗಿ ಮಾಡಿದರೆ ಯಾರೂ ಹೊಗಳುವುದಿಲ್ಲ, ತಪ್ಪಿದರೆ ಇಡೀ ಥಿಯೇಟರಿಗೆ ಕಾಣುತ್ತದೆ. ಅಂಥ ಕೆಲಸದಲ್ಲಿ ಭಾವ ಎತ್ತಿದ ಕೈ ಎಂದು ಹೆಸರಾಗಿದ್ದರು.

ಮೂವತ್ತೊಂದು ವರ್ಷದ ಹಿಂದೆ ಒಂದು ಸಿನಿಮಾದ ಕೊನೆಯ ದೃಶ್ಯ ತೆಗೆಯುತ್ತಿದ್ದರು. ನಾಯಕಿ ಕಿಟಕಿಯ ಪಕ್ಕ, ಚೌಕಟ್ಟಿನ ಎಡ ಅಂಚಿಗೆ ಕೂತು ಕಾಗದ ಓದುತ್ತಾಳೆ. ಅಲುಗುವುದಿಲ್ಲ, ಏಳುವುದಿಲ್ಲ. ಭಾವ ಅಳೆದರು, ಒಂಬತ್ತು ಅಡಿ ನಾಲ್ಕು ಇಂಚು. ದಿನವಿಡೀ ಅದೊಂದೇ ಶಾಟನ್ನು ಆರು ಸಲ ತೆಗೆದರು. ಮಾರನೆಯ ದಿನ ಸೆಟ್ಟು ಒಡೆದರು. ಆಮೇಲೆ ಫಿಲ್ಮು ತೊಳೆದು ಪರದೆಯ ಮೇಲೆ ಬಿಟ್ಟಾಗ ನೋಡಿದರೆ ಆರಕ್ಕೆ ಆರರಲ್ಲೂ ನಾಯಕಿಯ ಮುಖ ಕಲಸಿಹೋಗಿತ್ತು. "ಫೋಕಸ್ ಯಾರದು?" ಎಂದು ದೊಡ್ಡ ಕ್ಯಾಮೆರಾಮನ್ ಕೂಗಿದರು. ಭಾವ ಎದ್ದು ನಿಂತು, "ಅಳೆದಿದ್ದೆ ಸರ್, ಒಂಬತ್ತು ನಾಲ್ಕು" ಎಂದರು.

ಲೆನ್ಸನ್ನು ಪರೀಕ್ಷೆಗೆಂದು ಸರ್ವೀಸ್ ರೂಮಿಗೆ ಕಳಿಸಿದರು. ಅದರ ಗಾಜುಗಳನ್ನು ಶೂಟಿಂಗಿನ ಹಿಂದಿನ ದಿನವಷ್ಟೇ ಅಲ್ಲಿ ಬಿಚ್ಚಿ ಒರೆಸಿದ್ದರು. ಆ ರೂಮಿನಲ್ಲಿ ಇಬ್ಬರು ಮೆಕ್ಯಾನಿಕ್‌ಗಳು, ಒಬ್ಬರು ನಮ್ಮಪ್ಪ. ಅಪ್ಪನೇ ಲೆನ್ಸನ್ನು ಅಕ್ಷರದ ಚಾರ್ಟಿನ ಮುಂದಿಟ್ಟು ನೋಡಿ, "ಲೆನ್ಸ್ ಚೊಕ್ಕವಾಗಿದೆ, ತಪ್ಪು ಕೈಯದು" ಎಂದು ಹೇಳಿ ಕಳಿಸಿದರು. ಸ್ವಂತ ಮಾವನೇ ಹಾಗೆ ಹೇಳಿದ ಮೇಲೆ ಇನ್ನು ಯಾರು ಬಾಯಿ ಬಿಡುತ್ತಾರೆ? ತಂಡದಿಂದ ಭಾವನನ್ನು ತೆಗೆದರು. ಬೇರೆ ತಂಡಗಳಿಗೆ ಇವರಿಗಿಂತ ಮೊದಲೇ ಸುದ್ದಿ ಹೋಗಿ ಕೂತಿತ್ತು. ಒಂದು ವರ್ಷ ಬಾಗಿಲು ಬಾಗಿಲು ತಿರುಗಿ ಕೊನೆಗೆ ಕನ್ನಡಕದ ಅಂಗಡಿ ಸೇರಿ, ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಹಿಡಿದರು. ಮಸುಕಾಗಿ ತೆಗೆದವನು ಈಗ ಮಸುಕಾಗಿ ಕಾಣುವವರ ಸೇವೆಗೆ ನಿಂತ ಎಂದು ಅದನ್ನೂ ಅಪ್ಪ ತಮಾಷೆ ಮಾಡಿದರು.

ಅಪ್ಪ ಕೆಟ್ಟವರಲ್ಲ. ಕೆಲಸದ ವಿಷಯದಲ್ಲಿ ಮಾತ್ರ ಅವರಿಗೆ ಕರುಣೆ ಇರಲಿಲ್ಲ. ತಾವು ರಿಪೇರಿ ಮಾಡಿದ್ದಕ್ಕೆಲ್ಲ ಸೂಜಿಯಿಂದ ಒಂದು ಗುರುತು ಗೀಚುವ ಚಟವಿತ್ತು: ಒಂದು ಸೊನ್ನೆ, ಅದಕ್ಕೊಂದು ಬಾಲ. ಮನೆಯ ಇಸ್ತ್ರಿ ಪೆಟ್ಟಿಗೆ, ರೇಡಿಯೋ, ಅಕ್ಕನ ಹೊಲಿಗೆ ಮಿಷನ್ನು, ನನ್ನ ಮೂರು ಗಾಲಿಯ ಸೈಕಲ್ಲು, ಎಲ್ಲದರ ಹೊಟ್ಟೆಯಡಿಯೂ ಬಾಲದ ಸೊನ್ನೆ ಇತ್ತು. ಯಾಕಪ್ಪಾ ಎಂದರೆ, "ನಾಳೆ ಕೆಟ್ರೆ ಯಾರನ್ನ ಕೇಳ್ಬೇಕು ಅಂತ ಗೊತ್ತಾಗ್ಬೇಕಲ್ಲ" ಎನ್ನುತ್ತಿದ್ದರು. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು.

ನನ್ನದೊಂದು ಫೋಟೋ ಸ್ಟುಡಿಯೋ. ದೊಡ್ಡದೇನಲ್ಲ. ಮುಂದೆ ಒಂದು ಮೇಜು, ಕಂಪ್ಯೂಟರು, ಪ್ರಿಂಟರು. ಹಿಂದೆ ಬಿಳಿ ಪರದೆ, ಎರಡು ಕೊಡೆ ದೀಪ, ಒಂದು ಸ್ಟೂಲು. ಪಾಸ್‌ಪೋರ್ಟ್ ಅಳತೆಯ ಮುಖಗಳೇ ನನ್ನ ಅನ್ನ. ಭಾವನ ಅಂಗಡಿ ರಸ್ತೆಯ ಆಚೆ ಬದಿಗೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಅದನ್ನು ಮುಚ್ಚುವುದರಿಂದ ಡಬ್ಬಿ ಹಿಡಿದುಕೊಂಡು ನನ್ನಲ್ಲಿಗೆ ಬರುತ್ತಾರೆ. ಬಂದವರು ಸುಮ್ಮನೆ ಕೂರುವ ಜನವೇ? ಗಿರಾಕಿ ಸ್ಟೂಲಿನ ಮೇಲೆ ಕೂತ ಕೂಡಲೇ, "ಐದಡಿ ಎರಡಿಂಚು" ಎನ್ನುತ್ತಾರೆ. ಕ್ಯಾಮೆರಾದಿಂದ ಗಿರಾಕಿಯ ಕಣ್ಣಿಗೆ ಟೇಪು ಹಿಡಿದು ನೋಡಿದರೆ ಐದಡಿ ಎರಡಿಂಚೇ ಇರುತ್ತದೆ. ಹಾಳಾದ್ದು, ಒಂದು ಸಲವೂ ತಪ್ಪುವುದಿಲ್ಲ. ದಿನಾ ಇದನ್ನು ಕಣ್ಣಾರೆ ನೋಡಿಯೂ ನಾನು ಮಸುಕಪ್ಪ ಎನ್ನುವುದನ್ನು ಬಿಟ್ಟಿರಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ.

ಆ ದಿನಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಹಾಡು. ಹಾಡಿಗಿಂತ ಅದರ ವಿಡಿಯೋ ಜೋರು. ಅರವತ್ತು ವರ್ಷ ಹಿಂದಿನದು ಅನ್ನಿಸುವಂತೆ ತೆಗೆದಿದ್ದರು. ಚೌಕಕ್ಕೆ ಹತ್ತಿರದ ಚೌಕಟ್ಟು, ಒಗೆದು ಒಗೆದು ಮಾಸಿದ ಬಟ್ಟೆಯಂಥ ಕೆಂಪು ಹಸಿರು ಬಣ್ಣಗಳು, ಬೆರಳಿಟ್ಟು ತಿರುಗಿಸುವ ಟೆಲಿಫೋನು, ಟೈಲ್ಸ್ ಹಾಕಿದ ಉದ್ದನೆಯ ಗೋಡೆ, ಬಲ್ಬಿನ ಸರಗಳನ್ನು ಇಳಿಬಿಟ್ಟ ನೃತ್ಯದ ಹಾಲ್. ಕಂಪ್ಯೂಟರಿನಲ್ಲಿ ಅದನ್ನು ಹಾಕಿಕೊಂಡು ನಾನು ಯಾರದೋ ಗಲ್ಲದ ಕಲೆ ಅಳಿಸುತ್ತಿದ್ದೆ. ಭಾವ ಊಟ ಮಾಡುತ್ತಲೇ ಶುರು ಮಾಡಿದರು.

"ಆ ಗೀರು ಸುಳ್ಳು ಕಣಮ್ಮ."

"ಯಾವ ಗೀರು ಭಾವ?"

"ಪರದೆ ಮೇಲೆ ಬಿಳಿ ಗೀರು ಓಡ್ತಾ ಇದೆಯಲ್ಲ, ಅದು. ನಿಜವಾದ ಫಿಲ್ಮಿನ ಗೀರು ಒಂದೇ ಜಾಗದಲ್ಲಿ ಉದ್ದಕ್ಕೆ ನಿಂತಿರತ್ತೆ. ಇದು ಚಿಗಟದ ಹಾಗೆ ಹಾರ್ತಿದೆ. ಕಂಪ್ಯೂಟರಲ್ಲಿ ಅಂಟಿಸಿದಾರೆ. ಅಲುಗಾಟಾನೂ ಸುಳ್ಳು. ನಮ್ಮ ಕಾಲದ ಕ್ಯಾಮೆರಾ ಇಷ್ಟೊಂದು ಕುಣೀತಿರಲಿಲ್ಲ, ಕುಣಿದಿದ್ರೆ ನಮ್ಮ ಕಿವಿ ಹಿಂಡ್ತಿದ್ರು."

"ನಿಮಗೆ ಯಾವುದೂ ಸರಿ ಬರಲ್ಲ ಬಿಡಿ. ಊಟ ಮಾಡಿ."

ಅಷ್ಟರಲ್ಲಿ ನೃತ್ಯದ ಹಾಲ್ ಬಂತು. ಗಾಯಕಿಯ ಹಿಂದೆ ಬಲ್ಬುಗಳೆಲ್ಲ ಮಸುಕಾಗಿ ದುಂಡು ದುಂಡಾಗಿ ಕಾಣುತ್ತಿದ್ದವು. ಭಾವನ ಕೈಯ ತುತ್ತು ಅಲ್ಲೇ ನಿಂತಿತು.

"ನಿಲ್ಲಿಸು. ಹಿಂದಕ್ಕೆ ಹೋಗು. ಇನ್ನೂ ಸ್ವಲ್ಪ. ಆಂ, ಅಲ್ಲೇ."

ಎಂಜಲು ಕೈಯಲ್ಲೇ ಎದ್ದು ಬಂದು ಪರದೆಗೆ ಮೂಗು ತಾಗಿಸುವಷ್ಟು ಬಗ್ಗಿದರು. ನೋಡಿದರೆ ಬಲ್ಬಿನ ಆ ದುಂಡುಗಳು ಪೂರ್ತಿ ದುಂಡಾಗಿರಲಿಲ್ಲ. ಎಲ್ಲದಕ್ಕೂ ಬಲಗಡೆ ಒಂದೇ ಕಡೆ ಕಚ್ಚಿದ ಬಿಸ್ಕತ್ತಿನ ಹಾಗೆ ಚೂರು ಹೋಗಿತ್ತು. ಭಾವ ಕೈ ತೊಳೆದು, ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿ ಮನೆಗೆ ಹೋದರು. ಆ ಮಧ್ಯಾಹ್ನ ಕನ್ನಡಕದ ಅಂಗಡಿ ತೆರೆಯಲೇ ಇಲ್ಲ.

ಸಂಜೆ ನಾನು ಅವರ ಮನೆಗೆ ಹೋದಾಗ ಅಕ್ಕ ಹೊಲಿಗೆ ಮಿಷನ್ನಿನ ಡ್ರಾಯರನ್ನು ಪೂರ್ತಿ ಹೊರಗೆಳೆದು, ಗುಂಡಿ ನೂಲು ಎಲ್ಲ ನೆಲಕ್ಕೆ ಸುರಿದು, ಅಡಿಯಿಂದ ಒಂದು ಹಳೆಯ ನೋಟುಬುಕ್ಕು ತೆಗೆಯುತ್ತಿದ್ದಳು. ಅದು ಆ ಸಿನಿಮಾದ ಭಾವನ ಅಳತೆ ಪುಸ್ತಕ. ಎಸೆದುಬಿಡು ಎಂದು ಭಾವ ಕೊಟ್ಟದ್ದನ್ನು ಎಸೆಯದೆ ಮೂವತ್ತೊಂದು ವರ್ಷ ಗುಂಡಿಗಳ ಅಡಿಯಲ್ಲಿ ಇಟ್ಟಿದ್ದಳು ಗಟ್ಟಿಗಿತ್ತಿ. ಕೊನೆಯ ಪುಟದಲ್ಲಿ ಒಂಬತ್ತು ಅಡಿ ನಾಲ್ಕು ಇಂಚು ಎಂದು ಆರು ಸಲ ಬರೆದಿತ್ತು. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಒಂದು ಕಚ್ಚಿದ ಬಿಸ್ಕತ್ತು. ಕೆಳಗೆ, ಲೆನ್ಸಿನೊಳಗೆ ಬೆಳಕು ಹಿಗ್ಗಿಸಿ ಕುಗ್ಗಿಸುವ ಎಲೆಗಳಲ್ಲಿ ಒಂದು ಬಾಗಿದೆ ಎಂದು ಭಾವನ ಅಕ್ಷರದಲ್ಲಿ ಒಂದು ಸಾಲು.

"ಅದೇ ಲೆನ್ಸು" ಎಂದರು ಭಾವ. "ಇನ್ನೂ ಬದುಕಿದೆ."

ಆಮೇಲೆ ಅವರು ಹೇಳಿದ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕನ್ನಡಕದ ಅಂಗಡಿ ಸೇರಿದ ಹತ್ತನೆಯ ವರ್ಷ ಒಬ್ಬ ಹೆಂಗಸು ಹೊಸ ಕನ್ನಡಕ ವಾಪಸು ತಂದಳಂತೆ. ನಡುವೆ ಚೆನ್ನಾಗಿ ಕಾಣತ್ತೆ, ಅಂಚಿನಲ್ಲಿ ಮೆಟ್ಟಿಲೆಲ್ಲ ಈಜಾಡತ್ತೆ ಎಂದಳಂತೆ. ಭಾವ ಬಿಚ್ಚಿ ನೋಡಿದರೆ ಯಾರೋ ಗಾಜನ್ನು ಒಳಗಿನ ಮೈ ಹೊರಗಾಗಿ ಕೂರಿಸಿದ್ದರು. ಆ ಕ್ಷಣಕ್ಕೆ ಅವರಿಗೆ ಆ ನಾಯಕಿಯ ಮುಖ ನೆನಪಾಯಿತು. ಅವಳೂ ಅಂಚಿನಲ್ಲೇ ಕೂತಿದ್ದಳು. ಹಿಂದಿನ ದಿನ ಲೆನ್ಸ್ ಒರೆಸಿದವರು ಮುಂದಿನ ಗಾಜನ್ನು ತಿರುಗಾಮುರುಗಾ ಕೂರಿಸಿದ್ದರೆ? ಚಾರ್ಟಿನ ನಡುವಿನ ಅಕ್ಷರ ಮಾತ್ರ ನೋಡಿ ಚೊಕ್ಕವಾಗಿದೆ ಅಂದಿದ್ದರೆ?

"ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ ಭಾವ?"

"ಲೆನ್ಸು ಕೈಯಲ್ಲಿಲ್ಲದೆ ಏನಂತ ಹೇಳ್ಲಿ? ತಪ್ಪು ಮಾಡಿದವನು ನೆಪ ಹುಡುಕ್ತಿದಾನೆ ಅಂತಿದ್ರು."

ನನಗೆ ರಕ್ತ ಕುದಿಯಿತು. ಆ ಸರ್ವೀಸ್ ರೂಮಿನ ಇನ್ನೊಬ್ಬ ಮೆಕ್ಯಾನಿಕ್ ನನಗೆ ಚಿಕ್ಕಂದಿನಿಂದ ಗೊತ್ತು. ಅಪ್ಪ ಅವನನ್ನು ಅವಸರದವನು ಎಂದೇ ಕರೆಯುತ್ತಿದ್ದರು. ಸ್ಕ್ರೂ ಉಳಿಸುವವನು, ಟೀ ಲೋಟವನ್ನು ಲೆನ್ಸಿನ ಪಕ್ಕ ಇಡುವವನು. "ಅವನದೇ ಕೆಲಸ! ಅವನ ಕೈ ಸೇದಿಹೋಗ! ಅಪ್ಪನ ಕಣ್ಣಿಗೂ ಮಣ್ಣೆರಚಿದ್ನಲ್ಲ" ಎಂದು ಬಾಯಿಗೆ ಬಂದಂತೆ ಬೈದೆ. ಭಾವ ನೋಟುಬುಕ್ಕಿನ ಹಾಳೆ ಸರಿ ಮಾಡುತ್ತಾ, "ಯಾರು ಅನ್ನೋದು ನನಗೆ ಬೇಡ. ನಾನಲ್ಲ ಅನ್ನೋದು ಬೇಕು, ಅಷ್ಟೆ" ಎಂದರು.

ಮಾರನೆಯ ದಿನದಿಂದ ಹದಿನೇಳು ದಿನ ನನ್ನ ಸ್ಟುಡಿಯೋದ ಮಧ್ಯಾಹ್ನಗಳು ಆ ಹಾಡಿಗೇ ಹೋದವು. ಮೂರು ನಿಮಿಷ ಐವತ್ತೆರಡು ಸೆಕೆಂಡು, ಅರವತ್ತನಾಲ್ಕು ಶಾಟು. ಭಾವ ಪಟ್ಟು ಹಿಡಿದರೆ ಉಡ. ಒಂದೊಂದು ಶಾಟಿಗೂ ನೋಟುಬುಕ್ಕಿನಲ್ಲಿ ಒಂದು ಸಾಲು: ಕ್ಯಾಮೆರಾ ಎಷ್ಟು ಎತ್ತರ, ಎಷ್ಟು ದೂರ, ಬೆಳಕು ಎಲ್ಲಿಂದ, ನಿಜವಾದ ಹಳತೋ ಸುಳ್ಳು ಹಳತೋ. ನಾನು ಒಂದೊಂದೇ ಚೌಕಟ್ಟು ನಿಲ್ಲಿಸುವುದು, ದೊಡ್ಡದಾಗಿ ಪ್ರಿಂಟು ತೆಗೆಯುವುದು. ಗೋಡೆ ತುಂಬಿ, ಬಿಳಿ ಪರದೆಯ ಮೇಲೂ ಅಂಟಿಸಿದೆವು. ಫೋಟೋಕ್ಕೆ ಬಂದವರು, "ಏನ್ರೀ, ಯಾರಾದರೂ ಕಾಣೆಯಾಗಿದಾರಾ?" ಎಂದು ಕೇಳುತ್ತಿದ್ದರು.

ಮೊದಲು ನನಗೆ ಬೇಜಾರು ಬರುತ್ತಿತ್ತು. ಬರಬರುತ್ತ ಕಣ್ಣು ತೆರೆಯಿತು. ಸುಮ್ಮನೆ ಚೆಂದ ಎಂದುಕೊಂಡು ನೋಡಿದ್ದ ವಿಡಿಯೋದಲ್ಲಿ ಎಷ್ಟೊಂದು ಕೈಗಳು! ಟೆಲಿಫೋನಿನ ಶಾಟಿನಲ್ಲಿ ದೀಪ ತಲೆಯ ಮೇಲಿಂದ ಗಟ್ಟಿಯಾಗಿ ಬಿದ್ದು ರೆಪ್ಪೆಯ ನೆರಳು ಕೆನ್ನೆಗೆ ಇಳಿದಿತ್ತು. "ಇದು ನಮ್ಮ ಕಾಲದ ದೀಪ. ಇದಕ್ಕೆ ಕ್ಯಾಮೆರಾ ಮಾಡಿರೋ ಹುಡುಗಿ ಚೆನ್ನಾಗಿ ಓದಿಕೊಂಡಿದಾಳೆ" ಎಂದರು ಭಾವ. ಮೆಟ್ಟಿಲ ಶಾಟಿನಲ್ಲಿ ದೂರದ ಗಾಯಕಿ ಹತ್ತಿರ ಬಂದಂತೆ ಕಾಣುವಲ್ಲಿ ಶುರುವಿಗೆ ಒಂದು ಸಣ್ಣ ಜರ್ಕು ಇತ್ತು. ಅದನ್ನು ಭಾವ ಮೆಚ್ಚಿ ಮೆಚ್ಚಿ ನೋಡಿದರು. ಮೋಟಾರು ಹಾಕದೆ ಕೈಯಲ್ಲೇ ತಿರುಗಿಸಿದರೆ ಮಾತ್ರ ಆ ಜರ್ಕು ಬರುತ್ತದಂತೆ. "ಹೊಸಬರು ಇದನ್ನ ತಪ್ಪು ಅಂತ ತೆಗೆದುಬಿಡ್ತಾರೆ. ಇವಳು ಉಳಿಸಿಕೊಂಡಿದಾಳೆ ನೋಡು." ಬಣ್ಣದ ವಿಷಯದಲ್ಲಿ ಮಾತ್ರ ಮುಖ ಸಿಂಡರಿಸಿದರು. ಹಳೆಯ ಫಿಲ್ಮು ಮಾಸುವಾಗ ಎಲ್ಲ ಬಣ್ಣವೂ ಒಟ್ಟಿಗೆ ಮಾಸುವುದಿಲ್ಲ, ಮೊದಲು ನೀಲಿ ಹೋಗುತ್ತದೆ, ಇಲ್ಲಿ ನೀಲಿ ಸ್ಕರ್ಟು ಮದುವಣಗಿತ್ತಿಯ ಹಾಗೆ ಮಿಂಚುತ್ತಿದೆ ಎಂದು ಎರಡು ದಿನ ಗೊಣಗಿದರು.

ಕಚ್ಚಿದ ಬಿಸ್ಕತ್ತಿನ ಲೆನ್ಸು ಹದಿನಾಲ್ಕು ಶಾಟುಗಳಲ್ಲಿ ಸಿಕ್ಕಿತು. ಅಷ್ಟರಲ್ಲೂ ನಡುವೆ ಚೂಪು, ಅಂಚಿಗೆ ಹೋದಂತೆಲ್ಲ ಚಿತ್ರ ಸುಳಿ ಸುತ್ತಿ ಕರಗುತ್ತಿತ್ತು. ಆ ಸುಳಿಗೇ ಜನ ಮರುಳಾಗಿದ್ದರು. ಕನಸಿನ ಹಾಗಿದೆ, ನೆನಪಿನ ಹಾಗಿದೆ ಎಂದು ವಿಡಿಯೋದ ಕೆಳಗೆ ಸಾವಿರಾರು ಮಂದಿ ಬರೆದಿದ್ದರು.

"ಸರಿ ಭಾವ, ಅಂಚು ಮಸುಕು. ಫೋಕಸ್ ತಪ್ಪಿದ್ರೂ ಮಸುಕೇ ಅಲ್ವಾ? ನಾಳೆ ಯಾರಾದ್ರೂ ಹಾಗಂದ್ರೆ?"

ಭಾವ ಇಪ್ಪತ್ತಮೂರನೆಯ ಶಾಟಿನ ಪ್ರಿಂಟು ಕೈಗೆತ್ತಿಕೊಂಡರು. ಟೈಲ್ಸಿನ ಗೋಡೆ, ಕ್ಯಾಮೆರಾಕ್ಕೆ ನೇರ ಎದುರು.

"ಗೋಡೆ ಚಪ್ಪಟೆ. ನಡುವಿನ ಟೈಲ್ಸು ಚೂಪಾಗಿದೆ, ಅಂಚಿನದು ಕರಗಿದೆ. ಅಂದ್ರೆ ಅಳತೆ ಸರಿ ಇದೆ, ಗಾಜು ಸರಿ ಇಲ್ಲ. ಇನ್ನು ಇದನ್ನ ನೋಡು." ನಲವತ್ತೊಂದನೆಯದು, ನೃತ್ಯದ ಹಾಲ್. ಎಡ ಅಂಚಿನಲ್ಲಿ ಹತ್ತಿರ ಒಬ್ಬಳು, ಅವಳ ಹಿಂದೆ ಇನ್ನೊಬ್ಬಳು, ಇನ್ನೂ ಹಿಂದೆ ಹತ್ತು ಜನ. "ನಾನು ಫೋಕಸ್ ತಪ್ಪಿದೆ ಅಂದ್ಕೋ. ಆಗ ಚೂಪು ಮಾಯ ಆಗಲ್ಲ. ಮುಂದಿನವಳ ಮೇಲಲ್ಲದಿದ್ರೆ ಹಿಂದಿನವಳ ಮೇಲೆ ಹೋಗಿ ಕೂತಿರತ್ತೆ. ಹುಡುಕಿದ್ರೆ ಸಿಗಲೇಬೇಕು. ಇಲ್ಲಿ ಈ ಅಂಚಲ್ಲಿ ಹತ್ತಿರ ದೂರ ಎಲ್ಲ ಇದಾರೆ. ಯಾರ ಮೇಲಿದೆ ಚೂಪು?"

ಭೂತಗನ್ನಡಿ ಹಿಡಿದು ಹುಡುಕಿದೆ. ಯಾರ ಮೇಲೂ ಇರಲಿಲ್ಲ.

"ಅವತ್ತು ಆ ಥಿಯೇಟರಲ್ಲಿ ನಾನು ಅದನ್ನೇ ಹುಡುಕ್ತಿದ್ದೆ. ಅವಳ ಹಿಂದಿನ ಪರದೆ ಚೂಪಾಗಿದೆಯಾ, ಮುಂದಿನ ಹೂದಾನಿ ಚೂಪಾಗಿದೆಯಾ ಅಂತ. ಎರಡೂ ಇರಲಿಲ್ಲ. ಹೇಳಕ್ಕೆ ಬಾಯಿ ತೆಗೆಯೋಷ್ಟರಲ್ಲಿ ಹೊರಗೆ ಹೋಗು ಅಂದ್ರು."

ಇದನ್ನು ಹೇಳುವಾಗ ಭಾವನ ದನಿ ನಡುಗಿತು. ಮದುವೆಯಾಗಿ ಬಂದಾಗಿನಿಂದ ನಾನು ಕಂಡ ಮನುಷ್ಯ, ಅವರ ದನಿ ನಡುಗಿದ್ದನ್ನು ಅದೇ ಮೊದಲ ಸಲ ಕೇಳಿದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ನೋಟುಬುಕ್ಕಿನ ಅರವತ್ತನಾಲ್ಕು ಸಾಲುಗಳ ಫೋಟೋ ತೆಗೆದು, ಹಳೆಯ ಪುಟದ ಬಿಸ್ಕತ್ತನ್ನೂ ಸೇರಿಸಿ, ಆ ವಿಡಿಯೋದ ಕ್ಯಾಮೆರಾ ಮಾಡಿದ ಹುಡುಗಿಗೆ ಕಳಿಸಿದೆ. ಹುಡುಗಿ ಎನ್ನುತ್ತೇನೆ, ಮೂವತ್ತು ದಾಟಿರಬಹುದು. ಒಂದು ಗಂಟೆಯೊಳಗೆ ಫೋನು ಬಂತು.

"ಮೇಡಂ, ಇದನ್ನ ಬರೆದವರು ಯಾರು? ಆ ಲೆನ್ಸಿನ ವಿಷಯ ನಾನು ಯಾರಿಗೂ ಹೇಳಿಲ್ಲ. ಬಾಡಿಗೆ ಕೊಡೋ ಕಡೆ ಅಂಚು ಕೆಟ್ಟಿದೆ ಅಂತ ಚೀಟಿ ಹಚ್ಚಿ ಮೂಲೆಗೆ ಎಸೆದಿದ್ರು. ಯಾರೂ ಮುಟ್ಟಿರಲಿಲ್ಲ. ಮತ್ತೆ ಆ ನೀಲಿ ಸ್ಕರ್ಟಿನ ಬಗ್ಗೆ ಬರೆದಿದಾರಲ್ಲ, ಅದು... ಅದು ನಿಜ. ನನಗೂ ಆಮೇಲೆ ಗೊತ್ತಾಯ್ತು."

"ಅಯ್ಯೋ, ಎರಡು ದಿನ ಆ ಸ್ಕರ್ಟಿಂದ ನನ್ನ ಪ್ರಾಣ ತೆಗೆದಿದಾರೆ" ಎಂದೆ.

ಅವಳು ಸ್ಟುಡಿಯೋಗೆ ಬಂದಳು. ಭಾವನ ಕಥೆಯನ್ನು ನಿಂತೇ ಕೇಳಿದಳು. ಕೇಳಿ ಮುಗಿಸಿ, "ಸರ್, ಆ ಲೆನ್ಸ್ ಬಿಚ್ಚಿಸಿ ನೋಡೋಣ. ಇನ್ನೊಂದು, ಮುಂದಿನ ವಾರ ಕ್ಯಾಮೆರಾ ಕಲಿಯೋರಿಗೆ ಈ ವಿಡಿಯೋ ಬಗ್ಗೆ ನಾನು ಮಾತಾಡ್ಬೇಕು. ಹಳಬರೂ ತುಂಬ ಜನ ಬರ್ತಾರೆ. ಆ ಹದಿನಾಲ್ಕು ಶಾಟಿನ ಬಗ್ಗೆ ನೀವೇ ಮಾತಾಡಿ" ಎಂದಳು. ಭಾವ, "ಮಾತಾಡ್ತೀನಿ" ಎಂದರು.

ಕ್ಯಾಮೆರಾ ಬಾಡಿಗೆ ಕೊಡುವ ಆ ಕಟ್ಟಡದ ಸರ್ವೀಸ್ ರೂಮು ಕಿಟಕಿ ಇಲ್ಲದ್ದು. ಹಸಿರು ಬಟ್ಟೆ ಹಾಸಿದ ಮೇಜು, ಕತ್ತು ಬಗ್ಗಿಸುವ ದೀಪ, ಸಣ್ಣ ಸಣ್ಣ ಸ್ಕ್ರೂಗಳಿಗೆ ಮಾತ್ರೆ ಡಬ್ಬಿಗಳು. ಈಗಿನ ಮೆಕ್ಯಾನಿಕ್ ಗಡ್ಡ ಬಿಟ್ಟ ಶಾಂತ ಮನುಷ್ಯ. ಭಾವ, ಅಕ್ಕ, ನಾನು, ಕ್ಯಾಮೆರಾ ಹುಡುಗಿ ಮೇಜಿನ ಸುತ್ತ ನಿಂತೆವು. ಅವನು ಲೆನ್ಸಿಗೆ ರಬ್ಬರಿನ ಬಿರಡೆ ಒತ್ತಿ ಮುಂದಿನ ಉಂಗುರ ತಿರುಗಿಸಿದ. ಮೂರು ಸಲ ಜಾರಿತು, ನಾಲ್ಕನೆಯದಕ್ಕೆ ಕದಲಿತು. ಗಾಜನ್ನು ಬೆರಳ ತುದಿಯಲ್ಲಿ ಎತ್ತಿ ದೀಪಕ್ಕೆ ಹಿಡಿದು ಓರೆ ಮಾಡಿ ನೋಡಿದ.

"ತಿರುಗಾಮುರುಗಾ ಕೂತಿದೆ" ಎಂದ. "ಉಬ್ಬಿದ ಮೈ ಒಳಗೆ ಹೋಗಿದೆ. ಮೂವತ್ತು ವರ್ಷದಿಂದ ಯಾರೂ ಬಿಚ್ಚಿಲ್ಲ."

ನಾನು ಸಂತೋಷಕ್ಕೆ ಕಿರುಚಿಯೇಬಿಟ್ಟೆ. "ನೋಡಿದ್ರಾ! ಆ ಅವಸರದವನ ವಂಶ..." ಎನ್ನುವಷ್ಟರಲ್ಲಿ ಮೆಕ್ಯಾನಿಕ್, "ಬಿಚ್ಚಿದವರು ಗುರುತು ಮಾಡಿದಾರೆ ನೋಡಿ" ಎಂದು ಕೊಳವೆಯ ಒಳ ಅಂಚನ್ನು ದೀಪದ ಕೆಳಗೆ ಹಿಡಿದ. ಬಗ್ಗಿ ನೋಡಿದೆ.

ಒಂದು ಸೊನ್ನೆ. ಅದಕ್ಕೊಂದು ಬಾಲ.

ಬೈಗುಳ ಅರ್ಧಕ್ಕೇ ನಿಂತಿತು. ಅಕ್ಕನೂ ನೋಡಿದಳು, ಭಾವನೂ ನೋಡಿದರು. ಭಾವನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಆಗ ನನಗೆ ಅರ್ಥವಾಯಿತು. ಯಾರು ಅನ್ನೋದು ಬೇಡ ಎಂದಿದ್ದರಲ್ಲ, ಅವರಿಗೆ ಆ ಹೆಂಗಸಿನ ಕನ್ನಡಕ ಬಿಚ್ಚಿದಂದಿನಿಂದಲೂ ಅನುಮಾನವಿತ್ತು. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅಪ್ಪನ ತಟ್ಟೆಯ ತಮಾಷೆಗೆ ಭಾನುವಾರದಿಂದ ಭಾನುವಾರಕ್ಕೆ ನಗುತ್ತಿದ್ದರು.

"ಸರಿಯಾಗಿ ಕೂರಿಸ್ಲಾ?" ಎಂದ ಮೆಕ್ಯಾನಿಕ್.

"ಬೇಡ ಬೇಡ!" ಎಂದಳು ಕ್ಯಾಮೆರಾ ಹುಡುಗಿ. "ಹೇಗಿತ್ತೋ ಹಾಗೇ ಕೂರಿಸಿ. ಆ ಸುಳಿ ಹೋದ್ರೆ ಈ ಲೆನ್ಸನ್ನ ಯಾರು ಕೇಳ್ತಾರೆ?"

ಮನೆಗೆ ಬಂದ ಮೇಲೆ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಭಾವನ ಮುಂದೆ ಕೂತು ಬೇಡಿಕೊಂಡೆ. "ಭಾವ, ಮಾತಾಡುವಾಗ ಅಪ್ಪನ ಹೆಸರೆತ್ತಬೇಡಿ. ಯಾರೋ ಒಬ್ಬ ಮೆಕ್ಯಾನಿಕ್ ಅಂದುಬಿಡಿ. ಸತ್ತವರು, ಅವರ ಮಾನ ಹೋಗತ್ತೆ." ಮೂರು ವಾರ ಮೊದಲು ಅದೇ ಕೈ ಸೇದಿಹೋಗಲಿ ಎಂದು ಶಾಪ ಹಾಕಿದ ಬಾಯಿ ಇದು. ಭಾವ ಒಂದಿಷ್ಟೂ ಯೋಚಿಸದೆ, "ಆಯ್ತು ಬಿಡು, ಅದಕ್ಕೇನಂತೆ" ಎಂದರು. ಅಕ್ಕ ಮಿಷನ್ನಿನ ಮುಂದೆ ಕೂತು ಯಾರದೋ ಅಂಗಿಯ ಕಾಲರು ಹೊಲಿಯುತ್ತಿದ್ದಳು. ಅವತ್ತು ಪೆಡಲು ಬಲು ಜೋರಾಗಿ ತುಳಿಯುತ್ತಿದ್ದಳು.

ಕ್ಯಾಮೆರಾ ಶಾಲೆಯ ಹಾಲ್ ತುಂಬಿತ್ತು. ಮುಂದೆ ಕಲಿಯುವವರು, ಹಿಂದೆ ಬೆಳ್ಳಗಾದ ತಲೆಗಳು. ಆ ತಲೆಗಳಲ್ಲಿ ಕೆಲವರು ಭಾವನಿಗೆ ಬಾಗಿಲು ಮುಚ್ಚಿದವರು. ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಟೇಪನ್ನು ಜೇಬಿನಲ್ಲಿಟ್ಟುಕೊಂಡು ವೇದಿಕೆ ಹತ್ತಿದರು. ಮೊದಲು ಸುಳ್ಳು ಗೀರಿನ ವಿಷಯ ಹೇಳಿ ನಗಿಸಿದರು. ಕೈಯಿಂದ ತಿರುಗಿಸಿದಾಗ ಬರುವ ಜರ್ಕನ್ನು ಹೊಗಳಿದರು. ಆಮೇಲೆ ಇಪ್ಪತ್ತಮೂರನೆಯ ಶಾಟು, ನಲವತ್ತೊಂದನೆಯ ಶಾಟು. "ಚೂಪು ಎಲ್ಲಿಗೆ ಹೋಯ್ತು, ಹುಡುಕಿ" ಎಂದರು. ಇನ್ನೂರು ಜನ ಪರದೆ ಹುಡುಕಿದರು, ಯಾರಿಗೂ ಸಿಗಲಿಲ್ಲ. ಆಗ ಭಾವ ತಮ್ಮ ಹಳೆಯ ಪುಟವನ್ನು ಪರದೆಯ ಮೇಲೆ ಹಾಕಿಸಿದರು. ಒಂಬತ್ತು ಅಡಿ ನಾಲ್ಕು ಇಂಚು, ಆರು ಸಲ. ಅದರ ಪಕ್ಕ ತಿರುಗಾಮುರುಗಾ ಕೂತಿದ್ದ ಗಾಜಿನ ಫೋಟೋ.

"ಮೂವತ್ತೊಂದು ವರ್ಷದ ಹಿಂದೆ ಫೋಕಸ್ ಯಾರದು ಅಂತ ಕೇಳಿದ್ರು" ಎಂದರು. "ಫೋಕಸ್ ನಂದೇ. ಸರಿಯಾಗಿತ್ತು."

ಹಿಂದಿನ ಸಾಲಿನಿಂದ ಒಬ್ಬ ಬೆಳ್ಳಗಿನ ತಲೆಯವರು ಎದ್ದು ನಿಂತರು. ಅವತ್ತಿನ ಆ ಥಿಯೇಟರಿನಲ್ಲಿ ಇದ್ದವರಂತೆ. ದನಿ ಸಣ್ಣಗಾಗಿತ್ತು. "ತಪ್ಪಾಯ್ತು ಕಣಯ್ಯ. ಆದ್ರೆ ಆ ಗಾಜನ್ನ ಹಾಗೆ ಕೂರಿಸಿದ್ದು ಯಾರು?"

ಭಾವ ಬಾಯಿ ತೆರೆದರು. ನನ್ನ ಕಡೆ ನೋಡಿದರು. "ಯಾರೋ ಒಬ್ಬ..." ಎಂದರು.

"ನಮ್ಮಪ್ಪ."

ನನ್ನ ಪಕ್ಕದ ಕುರ್ಚಿ ಖಾಲಿಯಾಗಿತ್ತು. ಅಕ್ಕ ಎದ್ದು ನಿಂತಿದ್ದಳು. ಕೈಯಲ್ಲಿ ವ್ಯಾನಿಟಿ ಬ್ಯಾಗು ಗಟ್ಟಿಯಾಗಿ ಹಿಡಿದುಕೊಂಡು ಇ‌ನ್ನೊಂದು ಸಲ, ಇಡೀ ಹಾಲಿಗೆ ಕೇಳುವಂತೆ ಹೇಳಿದಳು: "ನಮ್ಮಪ್ಪ. ಇವರ ಮಾವ. ಲೆನ್ಸಿನೊಳಗೆ ಅವರದೇ ಗುರುತಿದೆ. ಕೆಟ್ರೆ ಯಾರನ್ನ ಕೇಳ್ಬೇಕು ಅಂತ ಗೊತ್ತಾಗ್ಲಿ ಅಂತಾನೇ ಅವರು ಗುರುತು ಮಾಡ್ತಿದ್ದಿದ್ದು. ಯಾರೂ ಕೇಳಲಿಲ್ಲ. ಈಗ ಕೇಳಿದೀರಿ, ಹೇಳಿದೀನಿ."

ನಾನು ತಲೆ ತಗ್ಗಿಸಿದೆ. ಅಪ್ಪನ ಮಾನ ಕಾಪಾಡಲು ಹೊರಟವಳು ನಾನು. ಅದು ಇದ್ದದ್ದು ಅವರು ಗೀಚಿದ ಆ ಗುರುತಿನಲ್ಲಿ. ಅದನ್ನು ಓದಿದವಳು ಅಕ್ಕ.

ವೇದಿಕೆಯ ಮೇಲೆ ಭಾವ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. "ಬಹಳ ಒಳ್ಳೇ ಮೆಕ್ಯಾನಿಕ್" ಎಂದರು ಮೈಕಿನಲ್ಲಿ. "ಒಂದೇ ಒಂದು ಸಲ ತಪ್ಪಿದ್ರು. ನೀವೆಲ್ಲ ಕನಸಿನ ಹಾಗಿದೆ ಅಂತ ಮೆಚ್ಚಿಕೊಂಡಿದ್ದು ಅದನ್ನೇ." ಆಮೇಲೆ ಕ್ಯಾಮೆರಾ ಹುಡುಗಿಯ ಕಡೆ ತಿರುಗಿ, "ಮುಂದಿನ ಶಾಟು ಹಾಕಮ್ಮ, ಆ ನೀಲಿ ಸ್ಕರ್ಟಿನದು" ಎಂದರು.